ಪಿಕಪ್ಪಿನ ಡಿಫರೆನ್ಷಿಯಲ್ ಆಯಿಲು: ಕೊಯ್ಲಿಗೆ ಮುಂಚೆ ಒಮ್ಮೆ ಬಗ್ಗಿ ನೋಡಿ

ಆಯುಧಪೂಜೆಯ ದಿನ ನಮ್ಮ ಕಡೆಯ ಯಾವ ತೋಟಕ್ಕೆ ಹೋದರೂ ಪಿಕಪ್ಪು, ಜೀಪುಗಳು ಮದುವಣಿಗರಂತೆ ನಿಂತಿರುತ್ತವೆ. ಮಳೆಗಾಲದ ಕೆಸರನ್ನೆಲ್ಲ ತೊಳೆದು, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಟ್ಟರೆ ವರ್ಷದ ಉಪಚಾರ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೇವೆ. ಇಂಜಿನ್ ಆಯಿಲಿನ ಕಡ್ಡಿ ಎಳೆದು ನೋಡುವವರು ಉಂಟು. ಆದರೆ ಹಿಂದಿನ ಆಕ್ಸಲಿನ ನಡುವೆ ಇರುವ ಆ ಗುಂಡನೆಯ ಹೌಸಿಂಗಿನೊಳಗೆ ಏನಿದೆಯೆಂದು ಬಗ್ಗಿ ನೋಡುವವರು ವಿರಳ. ನಾವೂ ನೋಡಿದವರಲ್ಲ. ಅದಕ್ಕೆ ತೆತ್ತ ದಂಡವನ್ನು ಮೊದಲು ಹೇಳಿ, ಆಮೇಲೆ ಕೆಲಸದ ಕ್ರಮಕ್ಕೆ ಬರುತ್ತೇವೆ.

ನಮ್ಮ ಅನುಭವ

ನಮ್ಮ ತೋಟಕ್ಕೂ ಡಾಮರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟಿನಲ್ಲಿ, ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆಸಲು ಮೈಲುತುತ್ತ, ಸುಣ್ಣ ತರುವಾಗ ಹಳ್ಳದ ನೀರು ಆಕ್ಸಲಿನಿಂದ ಮೇಲಕ್ಕೆ ಬಂದಿತ್ತು. ಗಾಡಿ ಹೇಗೋ ದಾಟಿತು. ನಾವೂ ಮರೆತೆವು.

ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾದಾಗ ಗಾಡಿಯ ಹಿಂಭಾಗದಿಂದ ಸಣ್ಣಗೆ ಊಳಿಡುವ ಸದ್ದು ಕೇಳತೊಡಗಿತು. ಟೈರು ಸವೆದಿದೆಯೆಂದುಕೊಂಡು ಸುಮ್ಮನಾದೆವು. ಒಂದು ಸಂಜೆ, ನೆರೆಯವರ ಪಲ್ಪರಿಗೆ ಹಣ್ಣು ಹೊತ್ತು ಏರು ಹತ್ತುತ್ತಿದ್ದಾಗ ಕಟಕಟನೆ ಸದ್ದಾಗಿ ಗಾಡಿ ನಿಂತೇಬಿಟ್ಟಿತು. ಹೌಸಿಂಗ್ ಬಿಚ್ಚಿದಾಗ ಹೊರಬಂದುದು ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ, ಅದರೊಡನೆ ಕ್ರೌನ್ ವೀಲಿನ ಹಲ್ಲಿನ ಚೂರುಗಳು. ಗಾಡಿ ಒಂಬತ್ತು ದಿನ ವರ್ಕ್‌ಷಾಪಿನಲ್ಲಿತ್ತು. ಆ ಸಂಜೆಯ ಹಣ್ಣು ಚೀಲದಲ್ಲೇ ಬಿಸಿಯಾಗಿ ಹುಳಿವಾಸನೆ ಹಿಡಿಯಿತು. ಪಾರ್ಚ್‌ಮೆಂಟ್ ಆಗಬೇಕಾದುದನ್ನು ಕಣದಲ್ಲಿ ಹರಡಿ ಚೆರ್ರಿ ಮಾಡಿಕೊಂಡೆವು. ರಿಪೇರಿಯ ಬಿಲ್ಲಿಗಿಂತ ಆ ಒಂಬತ್ತು ದಿನಗಳ ನಷ್ಟವೇ ದೊಡ್ಡದಾಗಿತ್ತು. ಆಗಸ್ಟಿನಲ್ಲೇ ಅರ್ಧ ಗಂಟೆ ಕೊಟ್ಟು ಒಂದು ಪ್ಲಗ್ ಬಿಚ್ಚಿ ನೋಡಿದ್ದರೆ ಒಂದೆರಡು ಡಬ್ಬಿ ಆಯಿಲಿನಲ್ಲಿ ಮುಗಿಯುವ ಮಾತು ಅದು. ತಪ್ಪು ಗಾಡಿಯದಲ್ಲ, ನಮ್ಮದು.

ಒಳಗೆ ನಡೆಯುವುದೇನು?

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸಿದರೆ ಟೈರು ಉಜ್ಜಿಹೋಗುತ್ತದೆ. ಇಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೂ ಹಂಚಿ, ಒಂದೊಂದು ತನ್ನ ವೇಗದಲ್ಲಿ ತಿರುಗಲು ಬಿಡುವುದೇ ಡಿಫರೆನ್ಷಿಯಲಿನ ಕೆಲಸ. ಉದ್ದಕ್ಕೆ ಬರುವ ಪ್ರೊಪೆಲ್ಲರ್ ಷಾಫ್ಟಿನ ತುದಿಯ ಪಿನಿಯನ್, ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ. ಗಾಡಿಯ ಭಾರ, ಹೊರೆಯ ಭಾರ, ಘಟ್ಟದ ಏರು ಎಲ್ಲವೂ ಬಂದು ಬೀಳುವುದು ಈ ಎರಡು ಗೇರುಗಳ ಕೆಲವೇ ಹಲ್ಲುಗಳ ಮೇಲೆ.

ಈಗಿನ ಬಹುತೇಕ ಪಿಕಪ್ಪುಗಳಲ್ಲಿ ಪಿನಿಯನ್ ಇರುವುದು ಕ್ರೌನ್ ವೀಲಿನ ನಡುಮಟ್ಟದಲ್ಲಲ್ಲ, ಸ್ವಲ್ಪ ಕೆಳಗೆ. ಇದಕ್ಕೆ ಹೈಪಾಯಿಡ್ ಗೇರು ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಇದು ಬಳಕೆಗೆ ಬಂದಿತು. ಇದರ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತವೆ ಕೂಡ. ಆ ಜಾರಿಕೆಯ ಒತ್ತಡಕ್ಕೆ ಸಾಧಾರಣ ಎಣ್ಣೆಯ ಪೊರೆ ನಿಲ್ಲುವುದಿಲ್ಲ. ಆದುದರಿಂದಲೇ ಗಂಧಕ, ರಂಜಕಗಳ ಸಂಯುಕ್ತ ಬೆರೆಸಿದ ಇ.ಪಿ. ಆಯಿಲು ಬೇಕಾಗುತ್ತದೆ. ಡಬ್ಬಿ ತೆರೆದರೆ ಮೂಗಿಗೆ ಹೊಡೆಯುವ ವಾಸನೆ ಆ ಗಂಧಕದ್ದೇ.

ಯಾವ ಆಯಿಲು?

ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿದುದೇ ಕೊನೆಯ ಮಾತು. ನಮ್ಮ ಪಿಕಪ್ಪುಗಳ ಹಿಂದಿನ ಆಕ್ಸಲಿಗೆ ಸಾಮಾನ್ಯವಾಗಿ ಜಿ.ಎಲ್.-5 ದರ್ಜೆಯ 80ಡಬ್ಲ್ಯೂ-90 ಅಥವಾ ಅಂಥದೇ ಆಯಿಲು ಬರುತ್ತದೆ. ಅಂಗಡಿಯಲ್ಲಿ ‘ನೈಂಟಿ ಆಯಿಲು ಕೊಡಿ’ ಎಂದಷ್ಟೇ ಕೇಳಿದರೆ ಸಾಲದು, ಡಬ್ಬಿಯ ಮೇಲಿನ ಜಿ.ಎಲ್. ಸಂಖ್ಯೆ ಓದಿ. ಮಿಕ್ಕ ಆಯಿಲನ್ನು ಗೇರ್‌ಬಾಕ್ಸಿಗೆ ಸುರಿಯುವ ಉಳಿತಾಯ ಬೇಡ. ಅನೇಕ ಗೇರ್‌ಬಾಕ್ಸುಗಳು ಕೇಳುವುದು ಜಿ.ಎಲ್.-4. ಅವುಗಳ ಹಿತ್ತಾಳೆಯ ರಿಂಗುಗಳಿಗೆ ಜಿ.ಎಲ್.-5 ಒಗ್ಗದೆ ಹೋಗಬಹುದು. ನಾಲ್ಕು ಚಕ್ರಕ್ಕೂ ಬಲವಿರುವ ಜೀಪಾದರೆ ಮುಂದಿನ ಆಕ್ಸಲಿನಲ್ಲೂ ಒಂದು ಡಿಫರೆನ್ಷಿಯಲ್ ಇದೆಯೆಂಬುದು ನೆನಪಿರಲಿ. ಗಾಡಿ ವಾರಂಟಿಯಲ್ಲಿದ್ದರೆ ಕಂಪನಿಯ ಸರ್ವಿಸಿಗೇ ಬಿಡುವುದು ಒಳ್ಳೆಯದು.

ಕೆಲಸದ ಕ್ರಮ

ಮೊದಲು ಜಾಗ. ಸಿಮೆಂಟಿನ ಕಾಫಿ ಕಣ ಸಮತಟ್ಟಾಗಿದೆಯೆಂದು ಗಾಡಿಯನ್ನು ಅಲ್ಲಿಗೆ ಒಯ್ಯಬೇಡಿ. ಕಾಫಿ ಯಾವ ವಾಸನೆಯನ್ನಾದರೂ ಬೇಗ ಹೀರಿಕೊಳ್ಳುವ ಪದಾರ್ಥ. ಒಂದು ಲೋಟ ಗೇರ್ ಆಯಿಲು ಚೆಲ್ಲಿದರೆ ಅಲ್ಲಿ ಒಣಗಿದ ಕಾಫಿ ಕೆಡುತ್ತದೆ. ಷೆಡ್ಡಿನ ಗಟ್ಟಿ, ಸಮತಟ್ಟಾದ ನೆಲವೇ ಸರಿ.

ಜಾಕಿ ಬೇಡ. ಪಿಕಪ್ಪು ಎತ್ತರದ ಗಾಡಿ, ತೆವಳಿ ಕೆಳಗೆ ಹೋಗಲು ಜಾಗವಿರುತ್ತದೆ. ಜಾಕಿ ಕೊಟ್ಟು ಒಂದು ಕಡೆ ಎತ್ತಿದರೆ ಆಯಿಲಿನ ಮಟ್ಟವೂ ತಪ್ಪುತ್ತದೆ. ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ಯಾರೂ ತಲೆ ಹಾಕಕೂಡದು. ಇದನ್ನು ಡ್ರೈವರಿಗೂ ಮನೆಯ ಹುಡುಗರಿಗೂ ಒತ್ತಿ ಹೇಳಿ. ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು, ಕೀಲಿಕೈ ಜೇಬಿನಲ್ಲಿಟ್ಟುಕೊಳ್ಳಿ.

ಐದಾರು ಕಿಲೋಮೀಟರು ಓಡಿಸಿ ತಂದರೆ ಆಯಿಲು ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಘಟ್ಟ ಹತ್ತಿ ಬಂದ ಕೂಡಲೇ ಬಿಚ್ಚಬೇಡಿ, ಕೈ ಸುಡುತ್ತದೆ. ಹೌಸಿಂಗಿನ ಪಕ್ಕದಲ್ಲೋ ಹಿಂದೆಯೋ ನಡುಮಟ್ಟದಲ್ಲಿರುವುದು ತುಂಬುವ ಪ್ಲಗ್, ತಳದಲ್ಲಿರುವುದು ಇಳಿಸುವ ಪ್ಲಗ್. ಸುತ್ತಲಿನ ಮಣ್ಣನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಈಗ ಮುಖ್ಯ ಮಾತು: ಮೊದಲು ಬಿಚ್ಚಬೇಕಾದುದು ಮೇಲಿನ ಪ್ಲಗ್. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲೆಲ್ಲ ಇಳಿದ ಮೇಲೆ, ತುಕ್ಕು ಹಿಡಿದ ಮೇಲಿನ ಪ್ಲಗ್ ಜಗ್ಗದಿದ್ದರೆ ಗತಿಯೇನು? ಆಯಿಲಿಲ್ಲದ ಗಾಡಿಯನ್ನು ಪೇಟೆಗೂ ಒಯ್ಯುವಂತಿಲ್ಲ. ಮೇಲಿನದು ಸಡಿಲಗೊಂಡ ಮೇಲೆಯೇ ತಳದಲ್ಲಿ ಅಗಲವಾದ ಬೋಗುಣಿಯಿಟ್ಟು ಕೆಳಗಿನದನ್ನು ಬಿಚ್ಚಿ. ಕೆಲವು ಆಕ್ಸಲುಗಳಿಗೆ ತಳದ ಪ್ಲಗ್ ಇರುವುದಿಲ್ಲ. ಅಲ್ಲಿ ಕೈಪಂಪಿನಿಂದ ಹೀರಿ ತೆಗೆಯಬೇಕು, ಇಲ್ಲವೆ ಹಿಂದಿನ ಮುಚ್ಚಳ ಬಿಚ್ಚಬೇಕು.

ಹನಿ ನಿಂತ ಮೇಲೆ ಪ್ಲಗ್ ಒರೆಸಿ, ವಾಷರ್ ಹೊಸದು ಹಾಕಿ ಬಿಗಿಮಾಡಿ. ಉದ್ದ ಕೊಳವೆ, ಆಲಿಕೆ ಅಥವಾ ಕೈಪಂಪಿನಿಂದ ಹೊಸ ಆಯಿಲನ್ನು ಮೇಲಿನ ತೂತಿನ ಮೂಲಕ ತುಂಬಿ. ತೂತಿನ ಕೆಳಗಿನ ಅಂಚಿನವರೆಗೆ ಬಂದು ತಾನೇ ಹೊರಗೆ ಜಿನುಗತೊಡಗಿದರೆ ಬಹುತೇಕ ಗಾಡಿಗಳಲ್ಲಿ ಅದೇ ಸರಿಯಾದ ಮಟ್ಟ. ಜಿನುಗು ನಿಂತ ಮೇಲೆ ಪ್ಲಗ್ ಹಾಕಿ. ಇನ್ನಷ್ಟು ಇರಲೆಂದು ಹೆಚ್ಚು ತುಂಬಿದರೆ ಸೀಲು ದಾಟಿ ಹಿಂದಿನ ಬ್ರೇಕಿಗೆ ಇಳಿಯಬಹುದು. ಘಟ್ಟದ ಇಳಿಜಾರಿನಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಬ್ರೀದರ್. ಆಕ್ಸಲಿನ ಮೇಲಿರುವ ಈ ಪುಟ್ಟ ಉಸಿರುಗೊಳವೆಯೇ ನಮ್ಮನ್ನು ಕೆಡಿಸಿದ್ದು. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಅದನ್ನು ಚೊಕ್ಕಟ ಮಾಡಲು ಎರಡು ನಿಮಿಷ ಸಾಕು.

ಹಳೆಯ ಆಯಿಲು ಹೇಳುವ ಮಾತು

ಬೋಗುಣಿಯ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪಾಗಿದ್ದರೆ ಹಳತಾಗಿದೆ, ಅಷ್ಟೆ. ಹಾಲು ಬೆರೆತಂತಿದ್ದರೆ ನೀರು ಹೊಕ್ಕಿದೆ. ಬದಲಿಸಿ, ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ನೋಡಿ, ಸೀಲನ್ನೂ ಪರೀಕ್ಷಿಸಿ. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣುಪಾದ ಬೂದು ಪೇಸ್ಟು ಅಂಟಿದ್ದರೆ ಗಾಬರಿ ಬೇಡ, ಅದು ಸಹಜ ಸವಕಳಿ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಕಂಡರೆ ಗಾಡಿಗೆ ಹೊರೆ ಹೇರದೆ ಮೆಕ್ಯಾನಿಕ್ಕಿಗೆ ತೋರಿಸಿ. ಮನೆಯಲ್ಲಿ ಈ ಕೆಲಸ ಮಾಡುವುದರ ನಿಜವಾದ ಲಾಭ ಉಳಿಯುವ ಕೂಲಿಯಲ್ಲ, ಈ ನೋಟ. ವರ್ಕ್‌ಷಾಪಿನಲ್ಲಿ ಬದಲಿಸಿದರೆ ಹಳೆಯ ಆಯಿಲು ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ.

ಹಳೆಯದನ್ನು ಎಲ್ಲಿ ಚೆಲ್ಲುವುದು?

ಎಲ್ಲಿಯೂ ಚೆಲ್ಲಬಾರದು. ಬಳಸಿದ ಆಯಿಲು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ತುಂಗೆ, ಭದ್ರೆ, ಹೇಮಾವತಿ, ಕಾವೇರಿಗಳೆಲ್ಲ ನಮ್ಮ ಈ ಬೆಟ್ಟಸಾಲಿನಲ್ಲೇ ಹುಟ್ಟುವ ನದಿಗಳು. ನಮ್ಮ ಹಳ್ಳಕ್ಕೆ ಬಿದ್ದುದು ಕೆಳಗಿನವರ ಕೊಡಕ್ಕೆ ಹೋಗುತ್ತದೆ. ಖಾಲಿಯಾದ ಹೊಸ ಡಬ್ಬಿಯಲ್ಲೇ ಹಳೆಯದನ್ನು ತುಂಬಿ, ಕಾಫಿ ಚೀಲಗಳಿಂದ ದೂರವಿಟ್ಟು, ಆಯಿಲು ಸಂಗ್ರಹಿಸುವ ವರ್ಕ್‌ಷಾಪಿಗೆ ಕೊಡಿ. ಸಂಘದ ಗೋದಾಮಿನ ಹೊರಗೆ ಇದಕ್ಕೆಂದೇ ಒಂದು ಡ್ರಮ್ಮು ಇಡುವ ವಿಚಾರವನ್ನು ಮುಂದಿನ ಸಭೆಯಲ್ಲಿ ಸದಸ್ಯರ ಮುಂದಿಡಲಿದ್ದೇವೆ.

ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕೆಂಬುದು ಪುಸ್ತಕದಲ್ಲಿದೆ. ಹಳ್ಳ ದಾಟುವ, ಹೊರೆ ಹೊರುವ ನಮ್ಮ ಗಾಡಿಗಳಿಗೆ ಅದಕ್ಕಿಂತ ಮುಂಚೆಯೇ ಬೇಕಾದೀತು. ಆದರೆ ವರ್ಷಕ್ಕೊಮ್ಮೆ, ಮಳೆ ನಿಂತು ಕೊಯ್ಲು ಶುರುವಾಗುವ ಮುಂಚೆ, ಮೇಲಿನ ಪ್ಲಗ್ ಬಿಚ್ಚಿ ಬೆರಳು ಅದ್ದಿ ನೋಡುವುದನ್ನು ತಪ್ಪಿಸಬೇಡಿ. ಆಯುಧಪೂಜೆಗೆ ಹೇಗೂ ಗಾಡಿ ತೊಳೆಯುತ್ತೇವೆ. ಹಾರ ಹಾಕುವ ಮುಂಚೆ ಕೆಳಗೊಮ್ಮೆ ಬಗ್ಗಿ ನೋಡಿದರಾಯಿತು.