ಇಂಜಿನಿಯರಿಂಗ್ ನಂತರ ಸಂಶೋಧನೆ: ಪಾಲಕರು ತಿಳಿದಿರಬೇಕಾದ ವಿಷಯಗಳು



ಬಿ.ಇ. ಮುಗಿಸಿದ ಮಕ್ಕಳು "ಪಿಎಚ್.ಡಿ. ಮಾಡುತ್ತೇನೆ" ಎಂದರೆ ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ, "ಇನ್ನೂ ಎಷ್ಟು ವರ್ಷ ಓದು? ಗಳಿಕೆ ಯಾವಾಗ?" ನನ್ನ ತಮ್ಮನ ಮಗಳಿಗೆ ನಾನೂ ಇದನ್ನೇ ಕೇಳಿದ್ದೆ. ಮನೆಯಿಂದಲೇ ಖರ್ಚು ಕೊಡಬೇಕೆಂದು ತಿಳಿದಿದ್ದೆ. ಆ ಲೆಕ್ಕ ತಪ್ಪಾಗಿತ್ತು. ಬೇರೆ ಪಾಲಕರಿಗೆ ಉಪಯೋಗವಾಗಲೆಂದು ಈ ಮಾಹಿತಿ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ (ಟಾಟಾ ಇನ್ಸ್ಟಿಟ್ಯೂಟ್) ಉದಾಹರಣೆಗೆ ತೆಗೆದುಕೊಳ್ಳೋಣ. 1909ರಲ್ಲಿ ಸ್ಥಾಪನೆಯಾದ ಇದು ಇಂದು ವಿಶ್ವವಿದ್ಯಾಲಯಕ್ಕೆ ಸಮಾನವಾದ ಸಂಸ್ಥೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್, ಏರೋಸ್ಪೇಸ್ ಮುಂತಾದ ವಿಭಾಗಗಳಲ್ಲಿ ಸಂಶೋಧನೆ ನಡೆಯುತ್ತದೆ.

ಪ್ರವೇಶ: ಮುಖ್ಯ ಬಾಗಿಲು ಗೇಟ್ ಪರೀಕ್ಷೆ. ಇದರ ಅಂಕ ಮೂರು ವರ್ಷ ಊರ್ಜಿತ. ಎಂ.ಟೆಕ್. ಮಾಡಿಯೇ ಹೋಗಬೇಕೆಂದಿಲ್ಲ, ಬಿ.ಇ. ಆದವರು ನೇರವಾಗಿ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. ಆದರೆ ಗೇಟ್ ಅಂಕವಷ್ಟೇ ಸಾಲದು, ಸಂದರ್ಶನವೂ ಇರುತ್ತದೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ, ಮೂಲ ವಿಷಯ ಗಟ್ಟಿಯಿರಬೇಕು.

ಹಣಕಾಸು: 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ನಂತರ 42,000 ರೂ. ಫೆಲೋಶಿಪ್. ಶುಲ್ಕ, ಹಾಸ್ಟೆಲ್ ಖರ್ಚು ಇದರಲ್ಲೇ ನಡೆಯುತ್ತದೆ. ಸಾಫ್ಟ್‌ವೇರ್ ಕಂಪನಿಯ ಸಂಬಳಕ್ಕೆ ಹೋಲಿಸಿದರೆ ಕಡಿಮೆ ಅನಿಸಬಹುದು. ಆದರೆ ಮನೆಗೆ ಭಾರವಲ್ಲ.

ಕಷ್ಟ: ಇದನ್ನೂ ಮುಚ್ಚಿಡಬಾರದು. ಮೊದಲು ತರಗತಿಗಳು, ಆಮೇಲೆ ಸಮಗ್ರ ಪರೀಕ್ಷೆ, ನಂತರ ವರ್ಷಗಟ್ಟಲೆ ಪ್ರಯೋಗ, ಕೊನೆಗೆ ಪ್ರಬಂಧ. ಒಟ್ಟು ಐದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಪ್ರಯೋಗ ಕೈಕೊಟ್ಟರೆ ಮತ್ತೆ ಮೊದಲಿನಿಂದ ಶುರು. ಎಲ್ಲರೂ ದಡ ಸೇರುವುದಿಲ್ಲ. ಆದ್ದರಿಂದ ಮಾರ್ಗದರ್ಶಕರನ್ನು ಆರಿಸುವಾಗ ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸುವುದು ಜಾಣತನ. ವ್ಯವಹಾರದಲ್ಲಿ ಪಾಲುದಾರರನ್ನು ನಾವು ಹೀಗೇ ವಿಚಾರಿಸುವುದಿಲ್ಲವೇ?

ಮುಂದೇನು: ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಧ್ಯಾಪನ, ಇಸ್ರೋ, ಡಿಆರ್‌ಡಿಒ, ಎನ್‌ಎಎಲ್ ಪ್ರಯೋಗಾಲಯಗಳು, ಕಂಪನಿಗಳ ಸಂಶೋಧನಾ ವಿಭಾಗಗಳು, ಇಲ್ಲವೇ ಸ್ವಂತ ಉದ್ಯಮ. ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಅವರು ನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಇದೇ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಬಳಿ ಸಂಶೋಧನೆ ಕಲಿತು, ಮುಂದೆ ಎನ್‌ಎಎಲ್ ನಿರ್ದೇಶಕರಾದರು. 2013ರಲ್ಲಿ ಪದ್ಮವಿಭೂಷಣ ಪಡೆದರು.

ಪಾಲಕರಲ್ಲಿ ಒಂದು ವಿನಂತಿ. ತಮ್ಮನ ಮಗಳು ಮೂರನೇ ವರ್ಷ ಬಿಟ್ಟು ಬರುವ ಯೋಚನೆಯಲ್ಲಿದ್ದಳಂತೆ. ಪ್ರಯೋಗ ಕೆಟ್ಟಿದ್ದಕ್ಕಿಂತ, ಪ್ರತಿ ಮದುವೆಯಲ್ಲೂ ನಾವೆಲ್ಲ "ಇನ್ನೂ ಮುಗಿದಿಲ್ಲವೇ?" ಎಂದು ಕೇಳಿದ್ದೇ ಅವಳಿಗೆ ಹೆಚ್ಚು ನೋವಾಗಿತ್ತು. ಕೇಳಿದವರಲ್ಲಿ ನಾನೂ ಒಬ್ಬ. ಅವಳು ಬಿಡಲಿಲ್ಲ, ಪದವಿ ಪಡೆದಳು. ನಿಮ್ಮ ಮನೆಯಲ್ಲಿ ಅಂಥ ಮಕ್ಕಳಿದ್ದರೆ ಆ ಪ್ರಶ್ನೆ ಬಿಟ್ಟು, "ಈಗ ಏನು ಕೆಲಸ ನಡೆದಿದೆ?" ಎಂದು ಕೇಳಿ. ನಮಗೆ ಅರ್ಥವಾಗದಿದ್ದರೂ ಅವರು ಸಂತೋಷದಿಂದ ಹೇಳುತ್ತಾರೆ.