ಸಿಹಿ ಮೂಗಿಗೆ, ನಾಲಿಗೆಗಲ್ಲ

ಬೆಳುವಾಯಿಯ ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದಿದ್ದರು. ಹೂಕುಂಡದಲ್ಲಿ ಬಿತ್ತಲು ತಂದಿಟ್ಟ ಸ್ವೀಟ್ ಪೀ ಬೀಜಗಳಲ್ಲಿ ಎರಡನ್ನು ಹುಡುಗ ನುಂಗಿದ್ದ. “ಹೆಸರೇ ಸ್ವೀಟ್ ಪೀ. ಬಟಾಣಿಯ ಹಾಗೆಯೇ ಅಲ್ವಾ ಡಾಕ್ಟ್ರೇ?” ಎಂದು ಕೇಳಿದರು. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಆ ಪ್ರಶ್ನೆಯ ಉತ್ತರ ನಿಮಗೂ ತಿಳಿದಿರಬೇಕು.

ಈ ಗಿಡದ ಶಾಸ್ತ್ರೀಯ ಹೆಸರು ಲ್ಯಾಥಿರಸ್ ಓಡೊರೇಟಸ್. ಓಡೊರೇಟಸ್ ಎಂದರೆ ಪರಿಮಳವುಳ್ಳದ್ದು. ಹೆಸರಿನಲ್ಲಿರುವ ‘ಸಿಹಿ’ ಹೂವಿನ ಪರಿಮಳಕ್ಕೆ ಸಂದದ್ದೇ ಹೊರತು ಬೀಜದ ರುಚಿಗಲ್ಲ. ಸಾಗುವಿಗೆ ಹಾಕುವ ಬಟಾಣಿ ಇದೇ ಕುಟುಂಬದ ಬೇರೊಂದು ಗಿಡ.

ಲ್ಯಾಥಿರಸ್ ಎಂಬುದು ಗ್ರೀಕರು ಒಂದು ಬಗೆಯ ಕಾಳಿಗೆ ಇಟ್ಟಿದ್ದ ಹೆಸರು. ‘ಲ್ಯಾಥಿರಿಸಮ್’ ಎಂಬ ಕಾಯಿಲೆಯ ಹೆಸರು ಹುಟ್ಟಿದ್ದೂ ಅದರಿಂದಲೇ. ಸ್ವೀಟ್ ಪೀಯ ಸೋದರ ಗಿಡವಾದ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದರೆ ಕಾಲುಗಳು ಸೆಟೆದು ನಡಿಗೆ ಶಾಶ್ವತವಾಗಿ ಕೆಡಬಹುದು. ನಮ್ಮ ದೇಶದಲ್ಲಿ 1961ರಲ್ಲಿ ಅದರ ಮಾರಾಟವನ್ನು ನಿಷೇಧಿಸಿದ್ದು ಈ ಕಾರಣಕ್ಕೆ. ಸ್ವೀಟ್ ಪೀ ಬೀಜದ ವಿಷ ಬೇರೆ ಬಗೆಯದು. ಅದನ್ನು ಹೆಚ್ಚಾಗಿ ತಿನ್ನಿಸಿದ ಪ್ರಾಣಿಗಳಲ್ಲಿ ಎಲುಬು ಮತ್ತು ರಕ್ತನಾಳಗಳು ದುರ್ಬಲವಾದದ್ದು ಕಂಡುಬಂದಿದೆ. ಒಂದೆರಡು ಬೀಜ ನುಂಗಿದರೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಅದು ತಿನ್ನುವ ಕಾಳಲ್ಲ.

ಸ್ವೀಟ್ ಪೀಗೆ ತಂಪು ಹವೆ ಬೇಕು. ನಮ್ಮ ಊರಿನ ಸೆಕೆಯಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ. ಆದರೆ ಇದೇ ಕುಟುಂಬದ ಗುಲಗಂಜಿ ನಮ್ಮ ಬೇಲಿಗಳಲ್ಲಿ ತಾನಾಗಿಯೇ ಹಬ್ಬುತ್ತದೆ. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ, ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟ ಬೀಜ ಇದೇ. ಇದು ಸ್ವೀಟ್ ಪೀಗಿಂತ ಎಷ್ಟೋ ಪಾಲು ಅಪಾಯಕಾರಿ. ಗಟ್ಟಿ ಸಿಪ್ಪೆಯ ಬೀಜವನ್ನು ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೆಯೇ ಹೊರಬೀಳುತ್ತದೆ. ಜಗಿದರೆ ಒಳಗಿನ ಏಬ್ರಿನ್ ಎಂಬ ವಿಷ ಜೀವಕ್ಕೇ ಎರವಾಗಬಹುದು. ಇದಕ್ಕೆ ಪ್ರತಿವಿಷವಿಲ್ಲ.

ಮಗು ಇಂಥ ಬೀಜ ತಿಂದಿದೆ ಎಂಬ ಸಂಶಯ ಬಂದರೆ ಹೀಗೆ ಮಾಡಿ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಳಿದ ಬೀಜವನ್ನೋ ಪೊಟ್ಟಣವನ್ನೋ ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ. ಗುಲಗಂಜಿಯ ವಾಂತಿ, ಭೇದಿ ಶುರುವಾಗಲು ಹಲವು ಗಂಟೆ ಹಿಡಿಯಬಹುದು, ಕೆಲವೊಮ್ಮೆ ಒಂದೆರಡು ದಿನವೂ ಆಗಬಹುದು. ಮಗು ಆಡಿಕೊಂಡಿದೆಯೆಂದು ಕಾಯುತ್ತಾ ಕೂರಬೇಡಿ.

ಬಿತ್ತನೆ ಬೀಜ ಅಡುಗೆಮನೆಯ ಡಬ್ಬಿಗಳ ಸಾಲಿಗೆ ಸೇರದಿರಲಿ. ಓದಲು ಬಾರದ ಮಗುವಿಗೆ ಎಲ್ಲವೂ ಬಟಾಣಿಯೇ.