ಸೂಜಿಯೆಲೆಯ ಬುಟ್ಟಿ

ಓದುಬರಹದಿಂದ ಜೀವನ ಸಾಗಿಸುವ ನಮ್ಮಂಥವರ ಕೈಗಳಿಗೆ ಕಾಗದ, ಲೇಖನಿ, ಸೀಮೆಸುಣ್ಣಗಳ ಹೊರತು ಬೇರೆ ಪದಾರ್ಥಗಳ ಪರಿಚಯವಾಗುವುದು ಅಪರೂಪ. ನಾನೂ ಇದಕ್ಕೆ ಹೊರತಾದವನಲ್ಲ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನಾನು, ನಲವತ್ತು ದಾಟಿದ ಮೇಲೆ, ಒಂದು ಬುಟ್ಟಿಯನ್ನು ಕೈಯಾರೆ ಮಾಡಲು ಕುಳಿತೆನು. ಅದರಿಂದ ಕಲಿತ ಒಂದೆರಡು ಸಂಗತಿಗಳನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಕಸಬಿನಲ್ಲಿ ನುರಿತವನ ಉಪದೇಶವೆಂದು ಶ್ರೋತೃಗಳು ಇದನ್ನು ಭಾವಿಸಬಾರದು. ಹವ್ಯಾಸಿಯೊಬ್ಬನ ವರದಿಯೆಂದು ಭಾವಿಸಿದರೆ ಸಾಕು.

ಕುಮಾವೂಂ ಬೆಟ್ಟಗಳ ಯಾತ್ರೆಯನ್ನು ಮುಗಿಸಿ ಮಣಿಪಾಲಕ್ಕೆ ಮರಳಿದ ಸ್ನೇಹಿತರೊಬ್ಬರು ನನಗೊಂದು ಪುಟ್ಟ ಬುಟ್ಟಿಯನ್ನು ತಂದುಕೊಟ್ಟರು. ಬಣ್ಣ ಹುರಿದ ಕಾಫಿಬೀಜದ್ದು. ಮೂಗಿನ ಬಳಿ ಹಿಡಿದರೆ ರಾಳದ ನವುರಾದ ಪರಿಮಳ. ಅದರಲ್ಲಿ ಬೆತ್ತವಿರಲಿಲ್ಲ, ಬಿದಿರಿರಲಿಲ್ಲ. ಮರದಿಂದ ಉದುರಿದ ಒಣ ಎಲೆಯಿಂದಲೇ ಅದನ್ನು ಮಾಡಿದ್ದರು. ಆ ಎಲೆ ಪೈನ್ ಮರದ್ದು.

ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ ಈ ಮರಕ್ಕೆ ಅಲ್ಲಿಯವರು ಚೀಡ್ ಎಂದೂ ಚೀರ್ ಎಂದೂ ಹೆಸರಿಟ್ಟಿದ್ದಾರೆ. ಸಂಸ್ಕೃತದಲ್ಲಿ ಇದಕ್ಕೆ ಸರಳವೆಂದು ಹೆಸರು. ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮವಂತನನ್ನು ವರ್ಣಿಸುವಾಗ, ಆನೆಗಳು ಮೈಯುಜ್ಜಿದ ಸರಳ ವೃಕ್ಷಗಳ ಸುಗಂಧವನ್ನು ನೆನೆದಿದ್ದಾನೆ. ಇದರ ಎಲೆ ಅಗಲವಾಗಿರದೆ ಸೂಜಿಯಂತೆ ನೀಳವಾಗಿರುತ್ತದೆ. ಮೂರು ಮೂರು ಸೂಜಿಗಳು ಬುಡದಲ್ಲಿ ಒಂದೇ ಒರೆಯೊಳಗೆ ಕೂಡಿಕೊಂಡಿರುತ್ತವೆ. ಉದ್ದ 20ರಿಂದ 30 ಸೆಂಟಿಮೀಟರು, ಎಂದರೆ ಒಂದು ಗೇಣು ಅಥವಾ ಅದಕ್ಕಿಂತ ತುಸು ಹೆಚ್ಚು. ಬೇಸಗೆಯಲ್ಲಿ ಇವು ರಾಶಿರಾಶಿಯಾಗಿ ಉದುರಿ ನೆಲವನ್ನೆಲ್ಲ ಮುಚ್ಚುತ್ತವೆ. ರಾಳ ತುಂಬಿದ ಈ ತರಗು ಒಂದು ಕಿಡಿ ಬಿದ್ದರೂ ಹೊತ್ತಿಕೊಳ್ಳುತ್ತದೆ. ಉತ್ತರಾಖಂಡದ ಕಾಡ್ಗಿಚ್ಚುಗಳಿಗೆ ಇದೊಂದು ಮುಖ್ಯ ಕಾರಣ. ಅಲ್ಲಿಯವರು ಪಿರೂಲ್ ಎಂದು ಕರೆಯುವ ಈ ತರಗನ್ನು ಆಯ್ದು ತಂದು ಬೆಟ್ಟದ ಹೆಂಗಸರು ಬುಟ್ಟಿಗಳನ್ನು ಮಾಡುತ್ತಾರೆ. ಅಮೆರಿಕೆಯ ಲೂಸಿಯಾನ ಪ್ರಾಂತದ ಕೊಶಾಟ ಎಂಬ ಮೂಲನಿವಾಸಿಗಳು ಇನ್ನೂ ನೀಳವಾದ ಎಲೆಯುಳ್ಳ ಪೈನ್ ಜಾತಿಯಿಂದ ಇದೇ ಬಗೆಯ ಬುಟ್ಟಿಗಳನ್ನು ಮಾಡುವುದರಲ್ಲಿ ಹೆಸರುವಾಸಿಯಾದವರು.

ಬುಟ್ಟಿಯನ್ನು ಮಾಡುವ ಕ್ರಮಗಳು ಹಲವು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಹೆಣಿಗೆ: ಗಟ್ಟಿಯಾದ ಕಡ್ಡಿಗಳನ್ನು ನಿಲ್ಲಿಸಿಕೊಂಡು ಬಳುಕುವ ಬಳ್ಳಿಯನ್ನು ಒಂದರ ಹಿಂದೆ ಒಂದರ ಮುಂದೆ ಹಾಯಿಸುವುದು. ಚಾಪೆಯಂತೆ ಅಗಲವಾದ ಓಲೆಗಳನ್ನು ಅಡ್ಡ ನೀಟ ನೇಯುವುದು ಇನ್ನೊಂದು. ಮೂರನೆಯದೇ ನಮ್ಮ ಇಂದಿನ ವಿಷಯ. ಇದರಲ್ಲಿ ನೇಯ್ಗೆಯೂ ಇಲ್ಲ, ಹೆಣಿಗೆಯೂ ಇಲ್ಲ. ಹುಲ್ಲಿನ ಅಥವಾ ಎಲೆಯ ಒಂದು ಕಂತೆಯನ್ನು ಹಗ್ಗದಂತೆ ಉದ್ದಕ್ಕೆ ಬೆಳೆಸುತ್ತ, ಸುರುಳಿಯಾಗಿ ಸುತ್ತುತ್ತ, ಪ್ರತಿಯೊಂದು ಸುತ್ತನ್ನೂ ಅದರ ಹಿಂದಿನ ಸುತ್ತಿಗೆ ದಾರದಿಂದ ಹೊಲಿಯುತ್ತ ಹೋಗುವುದು. ಕೊಡ ಹೊರುವವರು ತಲೆಯ ಮೇಲಿಡುವ ಸಿಂಬೆಯನ್ನು ನೆನೆದುಕೊಂಡರೆ ಇದರ ತತ್ತ್ವ ಕೂಡಲೇ ತಿಳಿಯುತ್ತದೆ. ಸಿಂಬೆಯು ಒಂದೆರಡು ಸುತ್ತಿಗೆ ನಿಲ್ಲುತ್ತದೆ. ಈ ಬುಟ್ಟಿಯು ನಿಲ್ಲದೆ ಮುಂದುವರಿಯುತ್ತದೆ.

ಇದು ಬಹು ಪ್ರಾಚೀನವಾದ ವಿದ್ಯೆ. ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ 1920ರ ದಶಕದಲ್ಲಿ ಅಗೆತ ನಡೆಸಿದ ಗರ್ಟ್ರೂಡ್ ಕೇಟನ್ ಥಾಮ್ಸನ್ ಎಂಬ ವಿದುಷಿಗೆ ನೆಲದೊಳಗೆ ತೋಡಿದ ಧಾನ್ಯದ ಹಗೇವುಗಳು ದೊರೆತುವು. ಅವುಗಳ ಒಳಮೈಗೆ ಹೊದಿಸಿದ್ದುದು ಹುಲ್ಲನ್ನು ಸುರುಳಿ ಸುತ್ತಿ ಹೊಲಿದ ಹೊದಿಕೆ. ಅದರ ವಯಸ್ಸು ಆರು ಸಾವಿರ ವರ್ಷಗಳಿಗೂ ಮಿಕ್ಕದ್ದು. ನಮ್ಮ ದೇಶದಲ್ಲಿಯೇ ಬಿಹಾರದ ಮಿಥಿಲೆಯ ಹೆಂಗಸರು ಮುಂಜದ ಹುಲ್ಲನ್ನು ಒಳಗಿಟ್ಟು, ಹೊಂಬಣ್ಣದ ಸಿಕ್ಕಿ ಹುಲ್ಲನ್ನು ಮೇಲೆ ಸುತ್ತಿ, ಇದೇ ಕ್ರಮದಿಂದ ಚೆಲುವಾದ ಭರಣಿಗಳನ್ನು ಮಾಡುತ್ತ ಬಂದಿದ್ದಾರೆ.

ಮಾಡುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ. ತಾನಾಗಿ ಉದುರಿ ಕಂದುಬಣ್ಣಕ್ಕೆ ತಿರುಗಿದ ಎಲೆಗಳನ್ನೇ ಆರಿಸಬೇಕು. ಹಸಿರೆಲೆಯು ಒಣಗುವಾಗ ಕುಗ್ಗುವುದರಿಂದ ಹೊಲಿಗೆ ಸಡಿಲವಾಗುತ್ತದೆ. ಎಲೆಗಳನ್ನು ತೊಳೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಿಸಿ, ಒದ್ದೆಬಟ್ಟೆಯಲ್ಲಿ ಸುತ್ತಿಟ್ಟರೆ ಅವು ಬಳುಕುವ ಗುಣವನ್ನು ಪಡೆಯುತ್ತವೆ. ಬುಡದ ಒರೆಯನ್ನು ಕಿತ್ತುಹಾಕಬೇಕು. ಕಂತೆಯ ದಪ್ಪವು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕಾದುದು ಮುಖ್ಯ. ಇದಕ್ಕಾಗಿ ಹಳೆಯ ಲೇಖನಿಯ ಕೊಳವೆಯಿಂದ ಬೆರಳಗಲದ ತುಂಡೊಂದನ್ನು ಕತ್ತರಿಸಿ, ಎಲೆಗಳನ್ನು ಅದರೊಳಗೆ ತೂರಿಸಿಕೊಳ್ಳುತ್ತಾರೆ. ಕೊಳವೆ ಸಡಿಲವಾಯಿತೆಂದರೆ ಹೊಸ ಎಲೆಗಳನ್ನು ನಡುವೆ ಸೇರಿಸುವ ಸಮಯ ಬಂತೆಂದು ತಿಳಿಯಬೇಕು.

ಆರಂಭವೇ ಎಲ್ಲಕ್ಕಿಂತ ಕಷ್ಟ. ಕಂತೆಯ ತುದಿಯನ್ನು ದಾರದಿಂದ ಬಿಗಿದು, ಚಕ್ಕುಲಿಯ ನಡುವಿನಂತೆ ಸಾಧ್ಯವಾದಷ್ಟು ಚಿಕ್ಕದಾಗಿ ಮಡಿಚಿ ಹೊಲಿಯಬೇಕು. ಅನಂತರ ಸೂಜಿಯು ಹೊಸ ಸುತ್ತನ್ನು ಬಳಸಿ ಬಂದು, ಹಿಂದಿನ ಸುತ್ತಿನ ಹೊಲಿಗೆಯೊಳಗೆ ಹಾಯ್ದು ಹೋಗಬೇಕು. ಹೀಗೆ ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತ ಬಂದರೆ ನಡುವಿನಿಂದ ಅಂಚಿನವರೆಗೆ ಹೂವಿನ ಎಸಳಿನಂಥ ಗೆರೆಗಳು ತಾವಾಗಿಯೇ ಮೂಡುತ್ತವೆ. ಸುತ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೊಲಿದರೆ ತಳ. ಒಂದರ ಮೇಲೊಂದನ್ನಿಟ್ಟು ಹೊಲಿದರೆ ಗೋಡೆ. ಬುಟ್ಟಿಯ ಆಕಾರವೆಲ್ಲ ಈ ಒಂದು ನಿರ್ಣಯದಲ್ಲಿ ಅಡಗಿದೆ. ಕೊನೆಗೆ ಕಂತೆಯನ್ನು ಇಲಿಯ ಬಾಲದಂತೆ ತೆಳುವಾಗಿಸಿ ಹಿಂದಿನ ಸುತ್ತಿನಲ್ಲಿ ಲೀನಗೊಳಿಸಬೇಕು.

ಇಷ್ಟನ್ನು ತಿಳಿದುಕೊಂಡ ನನಗೆ ಎದುರಾದ ಮೊದಲ ತೊಡಕು ಎಲೆಯದೇ. ಉಡುಪಿಯ ಸೀಮೆಯಲ್ಲಿ ಪೈನ್ ಮರದ ಕಾಡೆಲ್ಲಿ ಬರಬೇಕು? ಕಾಪುವಿನ ದೀಪಸ್ತಂಭದ ಕಡೆಗೆ ಒಂದು ಸಂಜೆ ವಾಯುಸೇವನೆಗೆ ಹೋದಾಗ ನನಗೆ ಗಾಳಿಮರದ ನೆನಪಾಯಿತು. ಕಡಲತಡಿಯ ಮರಳಿನಲ್ಲಿ ಬೆಳೆಯುವ ಈ ಮರದ ಅಡಿಯಲ್ಲಿಯೂ ಸೂಜಿಯಂಥ ತರಗು ದಪ್ಪನಾಗಿ ಹಾಸಿಕೊಂಡಿರುತ್ತದೆಯಷ್ಟೆ. ಒಂದು ಚೀಲದ ತುಂಬ ಅದನ್ನು ತಂದು, ನೆನೆಯಿಸಿ, ಮಡಿಚಲು ಹೋದರೆ ಅದು ಪಟಪಟನೆ ಮುರಿಯಿತು. ಮೂರು ಸಂಜೆಗಳ ಪ್ರಯತ್ನವೂ ವ್ಯರ್ಥವಾಯಿತು.

ಕಾರಣವನ್ನು ಅನಂತರ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಕಂಡುಕೊಂಡೆನು. ಗಾಳಿಮರವು ಪೈನಿನ ಬಂಧುವೇ ಅಲ್ಲ. ನಾವು ಎಲೆಯೆಂದು ತಿಳಿಯುವ ಸೂಜಿಯು ವಾಸ್ತವವಾಗಿ ಒಂದು ಹಸಿರು ಕಿರುಕೊಂಬೆ. ಅದರ ಮೈತುಂಬ ಗೆಣ್ಣುಗಳಿವೆ. ನಿಜವಾದ ಎಲೆಗಳು ಪ್ರತಿ ಗೆಣ್ಣಿನ ಸುತ್ತಲೂ ಆರರಿಂದ ಎಂಟರವರೆಗೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಹುರುಪೆಗಳಾಗಿ ಅಂಟಿಕೊಂಡಿವೆ. ಬಾಗಿಸಿದರೆ ಗೆಣ್ಣಿನಲ್ಲಿ ಮುರಿಯುವುದೇ ಅದರ ಸ್ವಭಾವ. ಈ ಮರವು ನಮ್ಮ ನಾಡಿನದೂ ಅಲ್ಲ. 1868ರಲ್ಲಿ ಕಾರವಾರದ ಕಡೆ ಇದನ್ನು ಮೊದಲು ನೆಟ್ಟು ಬೆಳೆಸಿದರು. ಹೋಲಿಕೆಯನ್ನು ನೋಡಿ ಪದಾರ್ಥದ ಗುಣವನ್ನು ನಿರ್ಣಯಿಸಬಾರದೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಪಾಠವನ್ನು ನನಗೆ ಹೇಳಲು ಗಾಳಿಮರ ಬೇಕಾಯಿತು.

ದಾರಿ ತೋರಿಸಿದವರು ಕಾರ್ಕಳದಲ್ಲಿರುವ ನನ್ನ ದೊಡ್ಡಮ್ಮ. ಕುಮಾವೂಂ ಬುಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರು, "ಇದಕ್ಕೆಂತ ಅಷ್ಟು ದೂರ ಹೋಗುವುದು ಮಾರಾಯ? ಮುಡಿಯ ಬಳ್ಳಿ ಸುತ್ತಿದ ಹಾಗೆಯೇ ಉಂಟಲ್ಲ!" ಎಂದರು. ನನಗೆ ನಾಚಿಕೆಯಾಯಿತು. ಅಕ್ಕಿಯ ಮುಡಿಯನ್ನು ನೋಡದೆ ಬೆಳೆದವನು ನಾನಲ್ಲ. ಬೈಹುಲ್ಲಿನ ನಡುವೆ ಅಕ್ಕಿಯನ್ನು ತುಂಬಿ, ಹುಲ್ಲಿನ ಬಳ್ಳಿಯಿಂದ ಸುತ್ತಿ ಸುತ್ತಿ ಬಿಗಿದು, ಮರದ ಕೊಡತಿಯಿಂದ ಬಡಿದು ಚೆಂಡಿನಂತೆ ಗುಂಡಗೆ ಮಾಡುತ್ತಿದ್ದ ಆ ಮುಡಿಯಲ್ಲಿ 42 ಸೇರು ಅಕ್ಕಿ ಮಳೆಗಾಲದ ತೇವಕ್ಕೂ ಹುಳುವಿಗೂ ಸಿಕ್ಕದೆ ಉಳಿಯುತ್ತಿತ್ತು. ಒಂದು ಕಾಲದಲ್ಲಿ ಈ ಜಿಲ್ಲೆಯ ಗೇಣಿಯೆಲ್ಲ ಮುಡಿಯ ಲೆಕ್ಕದಲ್ಲಿ ನಡೆದುದು. ಮುಡಿಯಲ್ಲಿ ಹೊಲಿಗೆಯಿಲ್ಲ, ನಿಜ. ಆದರೆ ಹುಲ್ಲು ಸುತ್ತಿ ಧಾನ್ಯ ಕಾಯುವ ಬುದ್ಧಿಯಲ್ಲಿ ಫಯೂಮಿಗೂ ಕಾರ್ಕಳಕ್ಕೂ ಅಷ್ಟೇನೂ ದೂರವಿಲ್ಲ.

ದೊಡ್ಡಮ್ಮನ ಸಲಹೆಯಂತೆ ಒಳಗಿನ ಕಂತೆಗೆ ಮುಳಿಹುಲ್ಲನ್ನು ಆರಿಸಿದೆನು. ಕೆಂಪುಕಲ್ಲಿನ ಗುಡ್ಡಗಳ ಮೇಲೆ ಮಳೆಗಾಲದಲ್ಲಿ ಬೆಳೆದು, ಆಮೇಲೆ ಹೊಂಬಣ್ಣಕ್ಕೆ ತಿರುಗುವ ಹುಲ್ಲು ಅದು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯುವುದಕ್ಕೆ ಮುಂಚೆ, ಅನಂತರವೂ ಎಷ್ಟೋ ಕಾಲ, ನಮ್ಮ ಬಡವರ ಮನೆಗಳಿಗೆ ಇದೇ ಮಾಡಿನ ಹೊದಿಕೆ. ಹೊಲಿಯುವುದಕ್ಕೆ ಬಾಳೆಯ ನಾರು. ಕಾಪುವಿಗೆ ಸಮೀಪದ ಶಂಕರಪುರದ ಹೆಂಗಸರು ಮಲ್ಲಿಗೆಯನ್ನು ಕಟ್ಟುವುದು ಈ ನಾರಿನಿಂದಲೇ. ಒದ್ದೆ ಮಾಡಿಕೊಂಡರೆ ರೇಷ್ಮೆಯಂತೆ ಬಾಗುತ್ತದೆ, ಒಣಗಿದರೆ ಬಿಗಿಯುತ್ತದೆ.

ಈಗ ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ನಾನು ಮಾಡಿದ ಬುಟ್ಟಿಯ ತಳದ ಅಗಲ 15 ಸೆಂಟಿಮೀಟರು, ಎತ್ತರ 6. ಕಂತೆಯ ದಪ್ಪ ಅರ್ಧ ಸೆಂಟಿಮೀಟರು. ತಳಕ್ಕೆ ಸುಮಾರು ಮೂರೂವರೆ ಮೀಟರು ಕಂತೆ ಬೇಕು. ಗೋಡೆಯ ಹನ್ನೆರಡು ಸುತ್ತುಗಳಿಗೆ ಐದೂವರೆ ಮೀಟರಿಗೂ ಮೇಲೆ. ಒಟ್ಟು ಒಂಬತ್ತು ಮೀಟರು. ಸೆಂಟಿಮೀಟರಿಗೊಂದರಂತೆ ಹಾಕಿದರೆ ಒಂಬೈನೂರು ಹೊಲಿಗೆ. ನನ್ನಂಥ ಹೊಸಬನಿಗೆ ಹೊಲಿಗೆಗೆ ಒಂದು ನಿಮಿಷ ಹಿಡಿಯುತ್ತದೆ. ಅಲ್ಲಿಗೆ ಹದಿನೈದು ಗಂಟೆ! ಹುಲ್ಲು ಕೊಯ್ದು, ಆರಿಸಿ, ನಾರು ಸೀಳಿದ ಹೊತ್ತು ಇದರಲ್ಲಿ ಸೇರಿಲ್ಲ. ಒಂದು ಪುಟ್ಟ ಪಾತ್ರೆಗೆ ಇಷ್ಟು ಶ್ರಮ.

ಈ ಲೆಕ್ಕವನ್ನು ಬರೆದಿಟ್ಟ ರಾತ್ರಿ ನನಗೆ ಹಳೆಯದೊಂದು ಸಂಗತಿ ನೆನಪಿಗೆ ಬಂದು ನಿದ್ರೆ ಕೆಡಿಸಿತು. ಕೆಲವು ವರ್ಷಗಳ ಹಿಂದೆ ಕಾರ್ಕಳದ ಪೇಟೆಯಲ್ಲಿ ಕೊರಗ ಸಮುದಾಯದ ವೃದ್ಧೆಯೊಬ್ಬರಿಂದ ಒಂದು ಹೆಡಿಗೆಯನ್ನು ಕೊಂಡಿದ್ದೆನು. ಅವರು ಹೇಳಿದ ಬೆಲೆಯಿಂದ ಮೂವತ್ತು ರೂಪಾಯಿಗಳನ್ನು ಇಳಿಸಿ, ವ್ಯಾಪಾರದಲ್ಲಿ ಗೆದ್ದೆನೆಂಬ ಸಂತೋಷದಿಂದ ಮನೆಗೆ ಬಂದಿದ್ದೆನು. ಆ ಹೆಡಿಗೆಯ ಹಿಂದೆ ಕಾಡಿನೊಳಗಿನ ನಡಿಗೆಯಿತ್ತು. ಬೀಳೆಂದು ನಮ್ಮವರು ಕರೆಯುವ ಬಳ್ಳಿಯನ್ನು ಕೊಯ್ದು, ಹೊತ್ತು ತಂದು, ಹದ ಮಾಡಿ, ಹೆಣೆದ ದಿನಗಳಿದ್ದುವು. ಅದಾವುದೂ ನನಗೆ ಕಂಡಿರಲಿಲ್ಲ.

ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ನೆಲೆಸಿರುವ ಕೊರಗರು ತಲೆಮಾರುಗಳಿಂದ ಈ ಸೀಮೆಗೆ ಬುಟ್ಟಿಗಳನ್ನು ಒದಗಿಸಿದವರು. ನಮ್ಮ ಗದ್ದೆಯ ಗೊಬ್ಬರ, ಅಂಗಳದ ಭತ್ತ, ಮದುವೆಯ ಮನೆಯ ಅನ್ನ ಎಲ್ಲವೂ ಅವರ ಕೈಯ ಬುಟ್ಟಿಗಳಲ್ಲಿ ಸಾಗಿದುವು. ಆದರೆ ಸಮಾಜವು ಅವರನ್ನು ನಡೆಯಿಸಿಕೊಂಡ ರೀತಿ ತಲೆತಗ್ಗಿಸುವಂಥದು. ಅಜಲು ಎಂಬ ಹೀನ ಪದ್ಧತಿಯನ್ನು ನಿಷೇಧಿಸುವುದಕ್ಕೆ ಕರ್ನಾಟಕದಲ್ಲಿ 2000ನೆಯ ಇಸವಿಯ ಕಾಯಿದೆಯೇ ಬೇಕಾಯಿತು. ಬೆತ್ತ ಬಿದಿರುಗಳೂ ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಬುಡಕಟ್ಟಿನವರಿಗಿರುವ ಹಕ್ಕನ್ನು 2006ರ ಅರಣ್ಯ ಹಕ್ಕುಗಳ ಕಾಯಿದೆಯು ಒಪ್ಪಿಕೊಂಡಿತು. ಆ ವೇಳೆಗೆ ಪ್ಲಾಸ್ಟಿಕ್ಕಿನ ಬುಟ್ಟಿಯು ಪೇಟೆಯನ್ನು ಆಕ್ರಮಿಸಿಯಾಗಿತ್ತು.

ಹವ್ಯಾಸವು ಹವ್ಯಾಸಿಗೆ ವಿಶ್ರಾಂತಿಯನ್ನು ಕೊಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತಿರುವಾಗ ಮನಸ್ಸು ಶಾಂತವಾಗುವುದನ್ನು ನಾನು ಅನುಭವಿಸಿದ್ದೇನೆ. ಆದುದರಿಂದ ಶ್ರೋತೃಗಳೂ ಒಮ್ಮೆ ಪ್ರಯತ್ನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆದರೆ ಬೇಸರವಾದಾಗ ಎದ್ದುಹೋಗುವ ಸ್ವಾತಂತ್ರ್ಯ ಹವ್ಯಾಸಿಗುಂಟು. ಅದರಿಂದಲೇ ಹೊಟ್ಟೆ ಹೊರೆಯುವವರಿಗೆ ಅದಿಲ್ಲ. ಒಂದು ಬುಟ್ಟಿಯನ್ನು ಕೈಯಾರೆ ಮುಗಿಸಿದವನು ಮುಂದೆ ಪೇಟೆಯಲ್ಲಿ ಬುಟ್ಟಿಯ ಬೆಲೆಯನ್ನು ಕೇಳುವ ಧ್ವನಿಯಾದರೂ ಬೇರೆಯಾಗುತ್ತದೆ. ನಾನಂತೂ ಈಚೆಗೆ ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ.

ಆ ವೃದ್ಧೆಯನ್ನು ಹುಡುಕಿಕೊಂಡು ಎರಡು ಸಲ ಕಾರ್ಕಳದ ಪೇಟೆಗೆ ಹೋದೆನು, ಅವರು ಕಾಣಿಸಲಿಲ್ಲ. ಅವರ ಹೆಡಿಗೆಯು ಇಂದಿಗೂ ನಮ್ಮ ಮನೆಯಲ್ಲಿ ತೆಂಗಿನಕಾಯಿಗಳನ್ನು ಹೊರುತ್ತಿದೆ, ಒಂದು ಎಳೆಯೂ ಬಿಚ್ಚಿಲ್ಲ. ನನ್ನ ಹದಿನೈದು ಗಂಟೆಯ ಬುಟ್ಟಿಯು ಮೇಜಿನ ಮೇಲೆ ಗುಂಡುಸೂಜಿಗಳನ್ನು ತುಂಬಿಕೊಂಡು ಕುಳಿತಿದೆ.